ಓದಿ ಅಳಿಸಿದ ಕಂತುಗಳು

ಕರ್ಜಗಿ
19-8-2024

ದಿಲನಾಜಳಿಗೆ,

ನಾನು ಶೀಲಾಳ ತಾಯಿ ದೇವವ್ವ. ನಮ್ಮೂರಿನ ಅಂಗನವಾಡಿಯಲ್ಲಿ ಟೀಚರು. ನಿನ್ನನ್ನು ‘ನೀನು’ ಎಂದೇ ಬರೆಯುತ್ತೇನೆ, ನನ್ನ ಮಗಳ ಓರಗೆಯವಳೆಂದು ಬ್ಯಾಡಗಿಯ ಪ್ರಿಯಾಂಕಾ ಹೇಳಿದಳು. ರಾಣೆಬೆನ್ನೂರಿನ ನಿನ್ನ ವಿಳಾಸ ಕೊಟ್ಟವಳೂ ಅವಳೇ.

ಶೀಲಾ ಹೋಗಿ ಇವತ್ತಿಗೆ ಮೂವತ್ತೆಂಟು ದಿನ. ಸೋಮವಾರ ಜ್ವರ ಬಂತು, ಬುಧವಾರ ಹಾವೇರಿಯಿಂದ ಹುಬ್ಬಳ್ಳಿಗೆ ಒಯ್ದೆವು, ಶುಕ್ರವಾರ ಮನೆಗೆ ತಂದೆವು. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ.

ಅವಳ ಫೋನಿನಿಂದ ನಿನಗೆ ನಾಲ್ಕು ಸಲ ಮಾಡಿದೆ, ನೀನು ಎತ್ತಲಿಲ್ಲ. ಹೋಗಲಿ. ಆ ಫೋನಿನಲ್ಲಿ ‘ಮಂದಾಕಿನಿ ಮಂದಿ’ ಎಂಬ ಗುಂಪು ಇದೆ. ಅವಳನ್ನು ಬಿಟ್ಟು ಹತ್ತು ಹೆಣ್ಣುಮಕ್ಕಳು. ತೆಗೆದು ನೋಡಿದರೆ ಎಲ್ಲರದೂ ದಿನಾ ಒಂದೇ ಮಾತು, ‘ಊಟಾ ಆತು’. ಬೆಳಿಗ್ಗೆ ಹತ್ತಕ್ಕೂ ಊಟಾ ಆತು, ಮಧ್ಯಾಹ್ನ ಮೂರಕ್ಕೂ ಊಟಾ ಆತು. ಅವಳಿದ್ದಾಗ ಇದನ್ನು ನೋಡಿ ನಾನು ಆಡಿಕೊಂಡಿದ್ದೆ. ‘ಏನವಾ, ನಿಮ್ಮ ಗುಂಪಿನ್ಯಾಗ ಬರೇ ಹೊಟ್ಟಿಬಾಕರ ತುಂಬ್ಯಾರೇನ?’ ಅಂದಿದ್ದೆ. ಅವಳು ನಕ್ಕಿದ್ದಳು.

ಹನ್ನೊಂದನೆಯ ದಿನ ಪ್ರಿಯಾಂಕಾ ಮನೆಗೆ ಬಂದಿದ್ದಳು. ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು, ‘ನಿಮ್ಮ ಶೀಲಾ ಎಂಥಾ ಕಥಿ ಬರೀತಿದ್ಲ್ರಿ ಅವ್ವಾರ. ಅಕಿ ಕಂತು ಬರೂತನಕಾ ನಾವ್ಯಾರೂ ಕೆಲಸಕ್ಕ ಕೈ ಹಚ್ಚತಿರಲಿಲ್ಲ’ ಅಂದಳು. ಟೀವಿಯಲ್ಲಿ ಬರುವ ‘ಬಂಡೆಮನೆ ವಕೀಲೆ’ ಧಾರಾವಾಹಿಯ ಮಂದಾಕಿನಿಯನ್ನು ಇಟ್ಟುಕೊಂಡು ಶೀಲಾ ತನ್ನದೇ ಕಥೆ ಬರೆದು ನಿಮಗೆ ಕಳಿಸುತ್ತಿದ್ದಳಂತೆ. ನನ್ನ ಮಗಳು ಬರೆಯುತ್ತಾಳೆ ಎಂಬುದು ಮೂರು ಊರಿನ ಹತ್ತು ಜನಕ್ಕೆ ಗೊತ್ತಿತ್ತು. ಒಂದೇ ಸೂರಿನಡಿ ಇದ್ದ ನನಗೆ ಗೊತ್ತಿರಲಿಲ್ಲ.

ನಿನ್ನ ಹತ್ತಿರ ಇರುವುದನ್ನು ಕಳಿಸು. ಎಲ್ಲವೂ ಬೇಡ, ಒಂದು ಕಂತು ಸಾಕು. ಅದೂ ಇಲ್ಲದಿದ್ದರೆ ಒಂದು ಸಾಲು. ಅವಳ ಕಾಲೇಜಿನ ನೋಟ್‌ಬುಕ್ಕು ಐದು ಇವೆ, ಎಲ್ಲವೂ ಬೋರ್ಡಿನ ಮೇಲಿಂದ ಇಳಿಸಿಕೊಂಡದ್ದು. ಅವಳ ಮನಸ್ಸಿನಿಂದ ಬಂದ ಒಂದೇ ಒಂದು ಸಾಲು ಈ ಮನೆಯಲ್ಲಿಲ್ಲ.

ನಿನ್ನ ಕಾಗದದ ದಾರಿ ನೋಡುವ,
ದೇವವ್ವ ಮೈಲಪ್ಪ


ರಾಣೆಬೆನ್ನೂರು
2-9-2024

ದೇವವ್ವ ಅಮ್ಮನವರಿಗೆ,

ಫೋನು ಎತ್ತದ್ದಕ್ಕೆ ಬೈಯಬೇಡಿ. ಪರದೆಯ ಮೇಲೆ ಅವಳ ಹೆಸರು ಬಂತು. ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟುಕೊಂಡು ರಿಂಗು ತಾನಾಗಿ ನಿಲ್ಲುವವರೆಗೆ ನೋಡುತ್ತ ಕೂತೆ. ನಾಲ್ಕು ಸಲವೂ ಹಾಗೇ ಆಯಿತು. ಮತ್ತೆ ಮಾಡಿದರೂ ಎತ್ತುವ ಧೈರ್ಯ ನನಗಿಲ್ಲ. ಕಾಗದವೇ ಇರಲಿ.

ನಾನು ನನ್ನ ಚಿಕ್ಕಮ್ಮ ಕುಲ್ಸುಮಬಿಯ ಜೊತೆ ಮುಂದಿನ ಖೋಲಿಯಲ್ಲಿ ಕುಪ್ಪಸ ಹೊಲಿಯುತ್ತೇನೆ. ಹತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ಆ ಧಾರಾವಾಹಿ ನೀವು ನೋಡಿರಲಿಕ್ಕಿಲ್ಲ. ಮೊದಲ ನೂರೈವತ್ತು ಕಂತು ಮಂದಾಕಿನಿ ಕೋರ್ಟಿನಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ. ಆಮೇಲೆ ಅವಳ ಮದುವೆ ಮಾಡಿದರು. ಕರಿ ಕೋಟು ಕಪಾಟಿಗೆ ಹೋಯಿತು. ಮುಂದಿನ ಮುನ್ನೂರು ಕಂತು ಅವಳು ಅತ್ತೆಗೆ ಚಹಾ ಕೊಡುತ್ತ ಅತ್ತಳು. ಆ ಧಾರಾವಾಹಿಯ ಅಭಿಮಾನಿಗಳ ಪುಟದಲ್ಲಿ ನಾವೆಲ್ಲ ಬೈದು ಬರೆಯುತ್ತಿದ್ದೆವು. ಅಲ್ಲಿಯೇ ನಮ್ಮ ಕಡೆಯವರು ಒಬ್ಬರಿಗೊಬ್ಬರು ಪರಿಚಯವಾದದ್ದು. ‘ಅವ್ರು ಬರೀದಿದ್ರ ಬಿಡ್ರಿ, ನಾನ ಬರೀತೇನಿ’ ಎಂದಳು ಶೀಲಾ.

ಅವಳ ಮಂದಾಕಿನಿ ಗಂಡನ ಮನೆ ಬಿಟ್ಟು ಹಾವೇರಿ ಕೋರ್ಟಿಗೆ ಬಂದಳು. ಬ್ಯಾಡಗಿಯ ಮೆಣಸಿನಕಾಯಿ ತೂಕದ ಮೋಸ ಹಿಡಿದಳು, ಗಳಗನಾಥದ ಹೊಳೆದಂಡೆಯ ಜಮೀನಿನ ತಕರಾರು ಬಿಡಿಸಿದಳು. ಟೀವಿಯಲ್ಲಿ ಬೆಂಗಳೂರಿನವರಂತೆ ಮಾತಾಡುವವಳು ಇಲ್ಲಿ ನಮ್ಮ ಮಾತು ಆಡುತ್ತಿದ್ದಳು. ಓದುವ ಹತ್ತೂ ಜನಕ್ಕೆ ಶೀಲಾ ಒಂದೊಂದು ಪಾತ್ರ ಕೊಟ್ಟಿದ್ದಳು. ಶೀತಗೃಹದಲ್ಲಿ ಮೆಣಸಿನಕಾಯಿ ಚೀಲ ಎಣಿಸುವ ಪ್ರಿಯಾಂಕಾ ಕಥೆಯಲ್ಲಿ ಪೊಲೀಸ್ ಫೌಜದಾರ. ನಾನು ಮಂದಾಕಿನಿಯ ಜೊತೆಯ ವಕೀಲೆ. ನೀವು ನಗಬಹುದು. ಕುಪ್ಪಸಕ್ಕೆ ಗುಂಡಿ ಹಚ್ಚುತ್ತ ನಾನು ದಿನಕ್ಕೊಮ್ಮೆ ಕೋರ್ಟಿಗೆ ಹೋಗಿ ಬರುತ್ತಿದ್ದೆ. ಅದಕ್ಕಿಂತ ದೊಡ್ಡದು ನನ್ನ ಬದುಕಿನಲ್ಲಿ ಏನೂ ಆಗಿಲ್ಲ.

ಕರ್ಜಗಿಯಿಂದ ಹಾವೇರಿಗೆ ಕಾಲೇಜಿಗೆ ಹೋಗುವ ಬಸ್ಸಿನಲ್ಲೇ ಅವಳು ಬರೆಯುತ್ತಿದ್ದಳು. ಹತ್ತಿದಾಗ ಶುರು, ಇಳಿಯುವಾಗ ಮುಗಿಯಬೇಕು. ಒಂದು ಬಸ್ಸಿಗೆ ಒಂದು ಕಂತು. ಎರಡು ವರ್ಷದಲ್ಲಿ ಇನ್ನೂರ ಅರವತ್ತು ಕಂತುಗಳಾದವು.

ಈಗ ಬರೆಯಲು ಕೈ ಬಾರದ ಮಾತು. ನಮ್ಮ ಗುಂಪಿಗೆ ಒಂದು ನಿಯಮವಿತ್ತು, ಓದಿ ಅಳಿಸುವುದು. ಕಳಿಸಿದ ಕೂಡಲೇ ಅವಳು ತನ್ನ ಫೋನಿನಿಂದ ಅಳಿಸುತ್ತಿದ್ದಳು, ಓದಿದ ಕೂಡಲೇ ನಾವು ಅಳಿಸುತ್ತಿದ್ದೆವು. ಅಳಿಸಿದ ಮೇಲೆ ‘ಊಟಾ ಆತು’ ಎಂದು ಹಾಕಬೇಕು. ಮನೆಮನೆಗಳಲ್ಲಿ ಫೋನು ನೋಡುತ್ತಾರಲ್ಲ, ಅದಕ್ಕೆ. ಹತ್ತರಲ್ಲಿ ಒಬ್ಬರಾದರೂ ತಪ್ಪಿ ಉಳಿಸಿಕೊಂಡಿರಬಹುದು ಎಂದು ಎಲ್ಲರನ್ನೂ ಕೇಳಿದೆ. ಯಾರೂ ತಪ್ಪಿಲ್ಲ. ನನ್ನ ಹತ್ತಿರವೂ ಒಂದು ಸಾಲಿಲ್ಲ, ಅಮ್ಮ.

ಕೈ ಖಾಲಿಯಿರುವ,
ದಿಲನಾಜ


ಕರ್ಜಗಿ
11-9-2024

ದಿಲನಾಜ,

ಅಂಗನವಾಡಿಯಲ್ಲಿ ಮಕ್ಕಳನ್ನು ಆಟಕ್ಕೆ ಬಿಟ್ಟು ನಿನ್ನ ಕಾಗದ ಓದಿದೆ. ಎರಡನೆಯ ಸಲ ಓದುವಾಗ ಸಹಾಯಕಿ, ‘ಟೀಚರ, ಅನ್ನಾ ತಳಾ ಹತ್ತಾಕತ್ತೈತ್ರಿ’ ಎಂದು ಕೂಗಿದಳು. ಹತ್ತಲಿ ಬಿಡು ಎಂದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆ ಮಾತು ಮೊದಲ ಸಲ ಆಡಿದ್ದು.

ನೀನು ಒಳ್ಳೆಯ ಹುಡುಗಿ. ‘ಮನೆಮನೆಗಳಲ್ಲಿ ಫೋನು ನೋಡುತ್ತಾರೆ’ ಎಂದು ಬರೆದೆ, ಯಾರ ಮನೆಯಲ್ಲಿ ಎಂದು ಬರೆಯಲಿಲ್ಲ. ನಾನು ಪ್ರಿಯಾಂಕಾಳನ್ನು ಕೇಳಿದೆ. ‘ನಂದು ಯಾರೂ ನೋಡೂದಿಲ್ರಿ’ ಅಂದವಳು ನಡುವೆಯೇ ನಾಲಿಗೆ ಕಚ್ಚಿಕೊಂಡಳು. ನೋಡುತ್ತಿದ್ದದ್ದು ನಾನು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವಳ ಫೋನು ನನ್ನ ಕೈಗೆ ಬರಬೇಕು. ಅವಳ ಅಪ್ಪ ಬೇಡವೆನ್ನುತ್ತಿದ್ದ, ಅಣ್ಣ ಮೈಲೇಶನಿಗೆ ಅದರ ಗೊಡವೆಯೇ ಇರಲಿಲ್ಲ. ಹೆಣ್ಣುಮಗಳನ್ನು ಹಡೆದವಳು ಕಣ್ಣು ಮುಚ್ಚಿ ಕೂರಬಾರದು ಎಂದು ನಾನೇ ಹಟ ಹಿಡಿದಿದ್ದೆ.

ಈಗ ನಾನೊಂದು ಕೇಳುತ್ತೇನೆ, ಮುಚ್ಚಿಡದೆ ಹೇಳು. ಎರಡು ವರ್ಷದ ಹಿಂದೆ ಒಂದು ಸಂಜೆ ಆ ಫೋನಿನಲ್ಲಿ ಉದ್ದನೆಯದೊಂದು ಬರಹ ನೋಡಿದೆ. ‘ನಾಳೆ ಆರು ಗಂಟೆ ಬಸ್ಸಿಗೆ ಹೊರಡುತ್ತೇನೆ, ಈ ಮನೆಗೆ ಮತ್ತೆ ಬರುವುದಿಲ್ಲ’ ಎಂಬಂತೆ ಏನೋ ಇತ್ತು. ಅಂಜಲಿ ಎಂಬವಳಿಗೆ ಕಳಿಸಿದ್ದಳು. ಯಾವನ ಜೊತೆಗೋ ಓಡಿಹೋಗಲಿದ್ದಾಳೆ ಎಂದುಕೊಂಡೆ. ‘ಅದು ಕಥಿ ಅವ್ವಾ’ ಅಂದಳು. ‘ನನಗ ಕಥಿ ಹೇಳಬ್ಯಾಡ’ ಎಂದು ಕಪಾಳಕ್ಕೆ ಹೊಡೆದೆ. ಅಂಜಲಿಯ ಅಪ್ಪನಿಗೂ ಫೋನು ಮಾಡಿ, ನಿಮ್ಮ ಮಗಳೂ ಇದರಲ್ಲಿ ಇದ್ದಾಳೆ ಎಂದು ಚಾಡಿ ಹೇಳಿದೆ. ಹದಿನೈದು ದಿನ ಶೀಲಾಳ ಫೋನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಬೀಗ ಹಾಕುವ ಮೊದಲು ಆ ಬರಹವನ್ನು ನನ್ನ ಕೈಯಾರೆ ಅಳಿಸಿದೆ.

ಅದು ನಿಜವಾಗಿ ಕಥೆಯಾಗಿತ್ತೇ? ಗಂಡನ ಮನೆ ಬಿಟ್ಟು ಹೊರಟವಳು ನಿಮ್ಮ ಮಂದಾಕಿನಿಯೇ?

ಆಗಿದ್ದರೆ ನನ್ನ ಮಗಳ ಒಂದು ಕಂತನ್ನು ನಾನೂ ಓದಿದ್ದೇನೆ. ಸಿಟ್ಟಿನಲ್ಲಿ ಓದಿದ್ದರಿಂದ ಮಾತು ಯಾವುದೂ ಸರಿಯಾಗಿ ನೆನಪಿಲ್ಲ. ನನ್ನ ಹೆದರಿಕೆಯೇ ಅದರೊಳಗೆ ಸೇರಿಹೋಗಿದೆ.

ಅಳಿಸಿದ್ದು ಫೋನಿನಿಂದ, ತಲೆಯಿಂದ ಅಲ್ಲವಲ್ಲ. ನೀವು ಹತ್ತು ಜನ ಕೂತು ನೆನಪು ಮಾಡಿಕೊಂಡು ಬರೆದುಕೊಡಿ. ಇದು ಬೇಡಿಕೆ ಎಂದು ತಿಳಿ, ಆಜ್ಞೆ ಎಂದಾದರೂ ತಿಳಿ.

ದೇವವ್ವ


ರಾಣೆಬೆನ್ನೂರು
6-10-2024

ಅಮ್ಮನವರೇ,

ಹೌದು, ಅದು ಕಥೆ. ಐದನೆಯ ಕಂತು. ನಿಯಮ ಮಾಡಿದ್ದು ಶೀಲಾ, ಫೋನು ವಾಪಸು ಸಿಕ್ಕ ಮೇಲೆ. ಅಂಜಲಿಯನ್ನು ಅವಳ ಅಪ್ಪ ಗುಂಪು ಬಿಡಿಸಿದ್ದರು, ಉಳಿದವರು ಅದಕ್ಕೇ ಹೆದರಿ ಒಪ್ಪಿದೆವು. ನೀವು ಕೇಳಿದ್ದರಿಂದ ಹೇಳಿದೆ. ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ.

ನೀವು ಹೇಳಿದಂತೆ ಹೋದ ಭಾನುವಾರ ಹಾವೇರಿ ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಸೇರಿದೆವು. ಹತ್ತರಲ್ಲಿ ಏಳು ಜನ ಬಂದರು. ಎರಡು ವರ್ಷ ದಿನಾ ಒಬ್ಬರಿಗೊಬ್ಬರು ‘ಊಟಾ ಆತು’ ಎಂದವರು ಮೊದಲ ಸಲ ಎದುರುಬದುರು ಕೂತು ಊಟ ಮಾಡಿದೆವು.

ನಾನು ಪೆನ್ನು ಹಿಡಿದೆ, ಅವರು ಹೇಳತೊಡಗಿದರು. ಮೊದಲ ಸಾಲಿಗೇ ಜಗಳ. ತೂಕದ ಮೋಸದ ಮೊಕದ್ದಮೆಯಲ್ಲಿ ಮಂದಾಕಿನಿ ಜಜ್ಜರ ಎದುರು ತಕ್ಕಡಿ ತಂದಿಟ್ಟಳು ಎಂದು ಪ್ರಿಯಾಂಕಾ ಹೇಳಿದರೆ, ‘ಏ ಇಲ್ಲ, ಬರೇ ಮಾತಿನ್ಯಾಗ ಗೆದ್ಲು’ ಎಂದು ಇನ್ನೊಬ್ಬಳು. ಯಾರು ಹೇಳಿದರೂ ಮತ್ತೊಬ್ಬರು ‘ಅಕಿ ಹಂಗ ಬರೀಲಿಲ್ಲ’ ಎನ್ನುತ್ತಿದ್ದರು. ಒಂದೊಂದು ಕಂತಿಗೂ ಏಳು ಕಥೆಗಳಾದವು. ಬಳೆ ಅಂಗಡಿಯ ಸೈದಾಬಿ ನಮ್ಮಲ್ಲಿ ಹಿರಿಯರು, ಐವತ್ತು ದಾಟಿದೆ. ಕೊನೆಗೆ ಅವರು, ‘ನನಗ ಅಕ್ಷರ ನೆನಪಿಲ್ಲ ಬೇ. ಓದೂ ಮುಂದ ಎದಿ ಹೆಂಗ ಹೊಡಕೋತಿತ್ತು, ಅದಷ್ಟ ನೆನಪೈತಿ’ ಅಂದರು. ಅಲ್ಲಿಗೆ ಎಲ್ಲರೂ ಅತ್ತೆವು. ಖಾನಾವಳಿಯವನು ಪಲ್ಯ ಖಾರವಾಯಿತೇ ಎಂದು ಕೇಳಿದ.

ಆದರೂ ಎರಡು ಕಂತು ಕೂಡಿಸಿ ಬರೆದಿದ್ದೇನೆ, ಇದರೊಡನೆ ಇಟ್ಟಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಮಗಳ ಕಥೆ ಓದುತ್ತಿದ್ದ,
ದಿಲನಾಜ


ಕರ್ಜಗಿ
23-10-2024

ದಿಲನಾಜ,

ಎರಡು ಕಂತೂ ಬಂದವು. ಶೀಲಾಳ ಅಪ್ಪ ಮೈಲಪ್ಪನನ್ನು ಹೊಲಕ್ಕೆ ಹೋಗಗೊಡದೆ ಕಟ್ಟೆಯ ಮೇಲೆ ಕೂರಿಸಿ ಓದಿ ಹೇಳಿದೆ. ಮಂದಾಕಿನಿ ಹಾವೇರಿಗೆ ಹೊರಟು ನಿಂತಿದ್ದಾಳೆ, ಅವಳ ತಾಯಿ ರೊಟ್ಟಿಯ ಗಂಟು ಕೈಗೆ ಕೊಟ್ಟು, ‘ಹೋಗಿ ಬಾರವಾ ವಕೀಲಮ್ಮ, ಗೆದ್ದ ಬಾ’ ಎನ್ನುತ್ತಾಳೆ. ಅದನ್ನು ಓದುವಾಗ ಅವನು ಟವೆಲಿನಿಂದ ಕಣ್ಣು ಒರೆಸಿಕೊಂಡ. ‘ನಿನ್ನ ನೋಡೇ ಬರದಾಳಲ್ಲೇ’ ಅಂದ. ನನಗೆ ಎಷ್ಟೋ ದಿನದ ಮೇಲೆ ಹಸಿವಾಯಿತು. ಎರಡು ರೊಟ್ಟಿ ತಿಂದೆ.

ಎಂಟು ದಿನ ಆ ಹಾಳೆಗಳನ್ನು ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡು ತಿರುಗಿದೆ. ಒಂಬತ್ತನೆಯ ದಿನ ಮತ್ತೆ ಓದಿದಾಗ ನನ್ನೊಳಗೆ ಏನೋ ಕೂರಲಿಲ್ಲ. ನಾನು ಶೀಲಾಳನ್ನು ಕಾಲೇಜಿಗೆ ಕಳಿಸುವಾಗ ಒಂದು ದಿನವೂ ‘ಗೆದ್ದು ಬಾ’ ಎಂದವಳಲ್ಲ. ‘ತಡಾ ಮಾಡಿದ್ರ ನೋಡ ಮತ್ತ’ ಎನ್ನುತ್ತಿದ್ದೆ. ಅವಳು ಕಣ್ಣಾರೆ ಕಾಣದ ತಾಯಿಯನ್ನು ಎಲ್ಲಿಂದ ತಂದಳು?

ಈ ತಾಯಿಯನ್ನು ಹೊಲಿದವಳು ನೀನು. ಹೌದೋ ಅಲ್ಲವೋ? ದರ್ಜಿಯ ಕೈ, ಹರಿದದ್ದು ಕಂಡರೆ ತೇಪೆ ಹಾಕದೆ ಇರಲಾರದು. ನಿನ್ನ ಮನಸ್ಸು ದೊಡ್ಡದು, ಆದರೆ ನನಗೆ ತೇಪೆ ಬೇಡ. ಅವಳ ಕಥೆಯಲ್ಲಿ ತಾಯಿ ಹೇಗಿದ್ದಳೋ ಹಾಗೆ ಬರೆ. ಕೆಟ್ಟವಳಾಗಿದ್ದರೆ ಕೆಟ್ಟವಳೇ ಇರಲಿ. ಬೈದಿದ್ದರೆ ಆ ಬೈಗುಳವನ್ನೇ ಕಳಿಸು. ನನ್ನ ಮಗಳದ್ದಾದರೆ ಬೈಗುಳವೂ ನನಗೆ ಬೇಕು.

ದೇವವ್ವ


ಕರ್ಜಗಿ
30-11-2024

ದಿಲನಾಜ,

ತಿಂಗಳಾಯಿತು, ಉತ್ತರವಿಲ್ಲ. ಅಂಚೆಯವನು ನಮ್ಮ ಓಣಿಗೆ ಬಂದರೆ ಮಕ್ಕಳನ್ನು ಬಿಟ್ಟು ಬಾಗಿಲಿಗೆ ಹೋಗುತ್ತೇನೆ. ‘ನಿಮ್ದು ಏನೂ ಇಲ್ರಿ ಟೀಚರ’ ಎಂದು ಅವನು ಈಗ ದೂರದಿಂದಲೇ ಕೈ ಆಡಿಸುತ್ತಾನೆ.

ಪ್ರಿಯಾಂಕಾಳನ್ನು ಕೇಳಿದರೆ ದಿಲನಾಜಳನ್ನೇ ಕೇಳಿ ಎನ್ನುತ್ತಾಳೆ. ನೀವೆಲ್ಲ ಸೇರಿ ಏನನ್ನೋ ಮುಚ್ಚಿಡುತ್ತಿದ್ದೀರಿ. ಮಗಳನ್ನು ಮಣ್ಣಿಗೆ ಕೊಟ್ಟವಳಿಗೆ ಇನ್ನು ಯಾವುದಕ್ಕೆ ಹೆದರಿಕೆ? ಬರೆ.

ದೇವವ್ವ


ರಾಣೆಬೆನ್ನೂರು
22-12-2024

ಅಮ್ಮನವರೇ,

ಮೂರು ಸಲ ಬರೆದು ಹರಿದೆ. ಕುಲ್ಸುಮಬಿ ಚಿಕ್ಕಮ್ಮ, ‘ಅಕಿ ತಾಯಿ ಅದಾಳ, ಕೇಳಾಕತ್ಯಾಳ. ಸುಳ್ಳು ಹೇಳಿ ಎಷ್ಟ ದಿನಾ ಇಡತೀ?’ ಎಂದು ಬೈದರು. ಅದಕ್ಕೇ ಇದನ್ನು ಹರಿಯದೆ ಕಳಿಸುತ್ತಿದ್ದೇನೆ.

ಆ ತಾಯಿಯನ್ನು ಬರೆದವಳು ನಾನೇ. ಖಾನಾವಳಿಯಲ್ಲಿ ಉಳಿದವರೂ ಒಪ್ಪಿದರು, ಯಾರೊಬ್ಬರೂ ಆ ಮಾತಿಗೆ ‘ಅಕಿ ಹಂಗ ಬರೀಲಿಲ್ಲ’ ಎನ್ನಲಿಲ್ಲ. ನೀವು ಕೇಳಿದ್ದರಲ್ಲಿ ನಮ್ಮೆಲ್ಲರ ನೆನಪು ಒಂದೇ ಆಗಿದ್ದದ್ದು ತಾಯಿಯ ವಿಷಯ ಒಂದರಲ್ಲೇ, ಅದನ್ನೇ ನಾವು ಮುಚ್ಚಿಟ್ಟೆವು.

ಶೀಲಾಳ ಕಥೆಯಲ್ಲಿ ತಾಯಿ ಕೆಟ್ಟವಳಾಗಿರಲಿಲ್ಲ. ತಾಯಿ ಇರಲೇ ಇಲ್ಲ. ಧಾರಾವಾಹಿಯಲ್ಲಿ ಮಂದಾಕಿನಿಗೆ ತಾಯಿ ಇದ್ದಾರೆ, ಶೀಲಾಳ ಮೊದಲ ಐದು ಕಂತಿನಲ್ಲೂ ಇದ್ದರು. ಟ್ರಂಕಿನಿಂದ ಫೋನು ಹೊರಗೆ ಬಂದ ಮರುದಿನ ಬಂದ ಆರನೆಯ ಕಂತಿನಲ್ಲಿ ಅವರು ತೀರಿಕೊಂಡರು. ಹೇಗೆ, ಏನಾಗಿ, ಒಂದೂ ಬರೆಯಲಿಲ್ಲ. ಯಾರೂ ಅಳಲಿಲ್ಲ ಕೂಡ. ಮಂದಾಕಿನಿ ಬಸ್ಸಿನಲ್ಲಿ ಕೂತು ಕಿಟಕಿ ತೆಗೆದಳು, ಅಷ್ಟೇ.

ನಮಗೆ ಅದು ಸೇರಲಿಲ್ಲ. ಸೈದಾಬಿ ಬೇಜಾರು ಮಾಡಿಕೊಂಡರು. ತಾಯಿಯನ್ನು ಹೇಗಾದರೂ ವಾಪಸು ತಾ ಎಂದು ನಾನೂ ಗಂಟುಬಿದ್ದೆ, ಕನಸಿನಲ್ಲಾದರೂ ಬರಲಿ ಎಂದೆ. ಆಗ ಶೀಲಾ ಗುಂಪಿನಲ್ಲಿ ಒಂದು ಮಾತು ಹಾಕಿದಳು. ಅದನ್ನೂ ನಿಯಮದಂತೆ ಅಳಿಸಿದ್ದೇನೆ, ಆದರೆ ಅಕ್ಷರ ಅಕ್ಷರ ನೆನಪಿದೆ. ಪ್ರಿಯಾಂಕಾ, ಸೈದಾಬಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ, ಇಬ್ಬರೂ ಹಾಗೆಯೇ ಹೇಳಿದರು.

‘ಅಕಿ ಇದ್ರ ಕಥಿ ಮುಂದ ಹೋಗೂದಿಲ್ಲ.’

ನನ್ನನ್ನು ಕ್ಷಮಿಸಬೇಡಿ ಎಂದರೂ ಆದೀತು. ಗುಂಪೂ ಈಗ ಇಲ್ಲದ ಹಾಗೆಯೇ. ಇನ್ನೂರ ಅರವತ್ತೊಂದನೆಯ ಕಂತನ್ನು ನಾನು ಬರೆಯಲು ನೋಡಿದೆ, ಎಂಟು ಸಾಲಾದ ಮೇಲೆ ಅದು ಟೀವಿಯ ಮಂದಾಕಿನಿಯ ಹಾಗೆ ಮಾತಾಡತೊಡಗಿತು. ಹಾಕಿದೆ, ಯಾರೂ ಓದಿದೆನೆಂದು ಹೇಳಲಿಲ್ಲ. ಐದು ಜನ ಬಿಟ್ಟು ಹೋದರು. ಧಾರಾವಾಹಿಯೂ ಮುಗಿಯಿತು, ಕೊನೆಯ ಕಂತಿನಲ್ಲಿ ಮಂದಾಕಿನಿಗೆ ಗಂಡುಮಗು ಹುಟ್ಟಿತು. ಆ ಹೊತ್ತಿಗೆ ಈಗ ಬೇರೊಂದು ಬರುತ್ತಿದೆ. ಚಿಕ್ಕಮ್ಮ ನೋಡುತ್ತಾರೆ, ನಾನು ಯಂತ್ರ ತುಳಿಯುತ್ತೇನೆ.

ದಿಲನಾಜ


ಕರ್ಜಗಿ
9-1-2025

ದಿಲನಾಜ,

ನಿನ್ನ ಎರಡು ಕಂತುಗಳನ್ನು ಇದರೊಡನೆ ವಾಪಸು ಕಳಿಸಿದ್ದೇನೆ. ಚೆನ್ನಾಗಿವೆ. ಅವು ನಿನ್ನವು, ನಿನ್ನ ಹತ್ತಿರವೇ ಇರಲಿ. ಮೈಲಪ್ಪನಿಗೆ ಏನೂ ಹೇಳಿಲ್ಲ. ರೊಟ್ಟಿಯ ಗಂಟು ಕೊಟ್ಟ ತಾಯಿಯನ್ನು ಅವನು ಊರಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗುತ್ತಿದ್ದಾನೆ. ಅವನಿಗಾದರೂ ಅದು ದಕ್ಕಲಿ.

ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಇನ್ನು ಬರೆಯಬೇಡ. ಕೇಳುವುದು ನನಗೇನೂ ಉಳಿದಿಲ್ಲ, ಹೇಳುವುದು ನಿನಗೂ ಉಳಿದಿಲ್ಲ. ಅಂಜಲಿ ಎಲ್ಲಾದರೂ ಸಿಕ್ಕರೆ, ಅವಳ ಅಪ್ಪನ ಮುಂದೆ ಸುಳ್ಳು ಹೇಳಿದ ಮುದುಕಿ ತಪ್ಪಾಯಿತು ಅಂದಳೆಂದು ತಿಳಿಸು.

ಅವಳ ಮನಸ್ಸಿನಿಂದ ಬಂದ ಒಂದು ಸಾಲು ಕೊಡು ಎಂದು ಕೇಳಿದ್ದೆ, ನೀನು ಕೊಟ್ಟೆ. ಇದರಲ್ಲಿ ಯಾರ ತೇಪೆಯೂ ಇಲ್ಲ. ಓದಿದ ಕೂಡಲೇ ಗೊತ್ತಾಯಿತು, ಅವಳದೇ ದನಿ, ಅವಳು ಮಾತು ಮುಗಿಸುವ ರೀತಿಯೇ ಅದು. ಅಂಗನವಾಡಿಯ ಕರಿಹಲಗೆಯ ಮೂಲೆಯಲ್ಲಿ ಅದನ್ನು ಬರೆದು ನೋಡಿದೆ. ಮಕ್ಕಳು ಅಕ್ಷರ ಗುರುತು ಹಿಡಿದು ಓದಲು ಶುರು ಮಾಡಿದವು, ಒರೆಸಿಬಿಟ್ಟೆ.

ಅವಳು ಹೇಳಿದ್ದು ಖರೆ. ನಾನು ಇದ್ದೇನೆ, ದಿಲನಾಜ. ಕಥೆ ಮುಂದೆ ಹೋಗಲಿಲ್ಲ.

ಶೀಲಾಳ ತಾಯಿ